ಸರ್ವರ್‌ಗೆ ಐದು ಮೊಳ ಸೇವಂತಿಗೆ

ಆಯುಧಪೂಜೆಯ ಬೆಳಿಗ್ಗೆ, ಕೆಳಗಿನ ಯಂತ್ರಗಳಿಗೆಲ್ಲ ಮಂಗಳಾರತಿಯಾಗಿ ಇನ್ನೂ ಬೂದುಗುಂಬಳಕಾಯಿ ಒಡೆಯದಿದ್ದ ಹೊತ್ತಿನಲ್ಲಿ, ನಾನು ನಿಂತಿದ್ದದ್ದು ಪೀಣ್ಯದ ನಮ್ಮ ಕಾರ್ಖಾನೆಯ ಸರ್ವರ್ ರೂಮಿನ ಹೊಸ್ತಿಲ ಮೇಲೆ. ಎಡಗಾಲು ಒಳಗಿತ್ತು, ಬಲಗಾಲು ಹೊರಗಿತ್ತು. ಪೂಜೆಯೆಂದು ಚಪ್ಪಲಿ ಬಿಟ್ಟಿದ್ದೆ. ಎಡಗಾಲು ಮಾತ್ರ ನಡುಗಿತು. ಅದು ಒಳಗಿನ ಏಸಿಯ ತಣ್ಣನೆಯ ನೆಲಕ್ಕೋ ಹೆದರಿಕೆಗೋ ಎಂದು ಪ್ರಮಾಣ ಮಾಡಿ ಹೇಳಲಾರೆ. ಕಂಡಷ್ಟನ್ನು ಹೇಳುತ್ತೇನೆ.

ನಮ್ಮದು ಯಂತ್ರಗಳ ಗಿಯರ್‌ಗಳನ್ನು ಮಾಡುವ ಸಣ್ಣ ಕಾರ್ಖಾನೆ. ಅಲ್ಲಿಯ ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ಪೀಣ್ಯದಲ್ಲಿ ಯಂತ್ರ ಎಂದರೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು, ಎಣ್ಣೆ ಕುಡಿಯುವುದು, ಕಾಲಿನ ಮೇಲೆ ಬಿದ್ದರೆ ಕಾಲು ಹೋಗುವಂಥದ್ದು. ಇಲ್ಲಿ ಎಲ್ಲವೂ ಕಬ್ಬಿಣದ ಲೆಕ್ಕ. ಆ ಲೆಕ್ಕದಲ್ಲಿ ನನ್ನ ರೂಮಿನಲ್ಲಿದ್ದದ್ದು ಒಂದೇ ಯಂತ್ರ, ಗೋಡೆಗೆ ಒತ್ತಿ ಕೂತ ಒಂದು ಸರ್ವರ್ ಪೆಟ್ಟಿಗೆ. ಅದನ್ನು ಕೊಂಡಾಗ ಅದಕ್ಕೆ ಬೇಕಾದ ಆಪರೇಟಿಂಗ್ ಸಿಸ್ಟಂ ಲೈಸೆನ್ಸನ್ನೂ ಕೊಂಡಿದ್ದೆವು. ಪೆಟ್ಟಿಗೆ ಒಂದು, ಲೈಸೆನ್ಸ್ ಒಂದು. ಲೇತ್ ಕೊಂಡು ಅದರ ಮೋಟರಿಗೆ ಕರೆಂಟು ಹಾಕಿಸಿದಂತೆ. ಡೀಲರನೂ ಯಜಮಾನರೂ ನಾನೂ ಅಲ್ಲಿಗೇ ನಿಶ್ಚಿಂತರಾದೆವು.

ಆದರೆ ಇಂಥ ಪೆಟ್ಟಿಗೆಯೊಳಗೆ ಸಾಫ್ಟ್‌ವೇರಿನ ಗೋಡೆ ಎಬ್ಬಿಸಿ ಹಲವು ಕಂಪ್ಯೂಟರುಗಳನ್ನು ಬಾಳಿಸಬಹುದು. ಅವನ್ನು ವರ್ಚುವಲ್ ಮೆಷಿನ್ ಎನ್ನುತ್ತೇವೆ. ಪ್ರತಿಯೊಂದೂ ಇಡೀ ಪೆಟ್ಟಿಗೆ ತನ್ನದೇ ಎಂದು ನಂಬಿ ದುಡಿಯುತ್ತದೆ. ಮೊದಲು ಬಿಲ್ಲಿಗೆ ಒಂದು, ಡ್ರಾಯಿಂಗುಗಳಿಗೆ ಒಂದು ಇದ್ದವು. ಆಮೇಲೆ ಹಾಜರಿಗೆ, ಸ್ಟೋರಿಗೆ ಒಂದೊಂದು ಬಂದವು. ಹೊಸದು ಬೇಕಾದರೆ ಹಳೆಯದರ ನಕಲು ತೆಗೆದರಾಯಿತು, ಕಾದ ಕಾವಲಿಯ ಮೇಲೆ ಇನ್ನೊಂದು ದೋಸೆ ಹುಯ್ದಷ್ಟು ಸಲೀಸು. ಕಬ್ಬಿಣ ಹೆಚ್ಚಲಿಲ್ಲ. ಹಾಗಾಗಿ ಏನೋ ಹೆಚ್ಚಾಯಿತೆಂದು ಯಾರಿಗೂ ಅನ್ನಿಸಲಿಲ್ಲ.

ನಮ್ಮ ಸ್ಟೋರು ನೋಡಿಕೊಳ್ಳುವ ರತ್ನಮ್ಮ ಪಕ್ಕದ ಹಳ್ಳಿಯ ಹಳೆಯ ಮನೆತನದವರು. ಆಯುಧಪೂಜೆಯ ಹೂವು, ನಿಂಬೆಹಣ್ಣು, ಕುಂಕುಮ ಎಲ್ಲವೂ ಅವರ ಕೈಯಿಂದಲೇ ಹೋಗಬೇಕು. ಯಂತ್ರಕ್ಕೆ ಒಂದು ಮೊಳ ಸೇವಂತಿಗೆ. ತುಕ್ಕು ಹಿಡಿದು ಮೂಲೆ ಸೇರಿದ ಡ್ರಿಲ್ಲಿಂಗ್ ಮೆಷಿನ್ನಿಗೂ ತಪ್ಪುವಂತಿಲ್ಲ, ಹೂವು ಸಿಗದ ಯಂತ್ರ ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂಬುದು ಕೆಲಸದವರ ನಂಬಿಕೆ. ಅಂದು ಅವರು ಹೂವಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದು ಕೇಳಿದರು, "ನಿಮ್ ರೂಮಲ್ಲಿ ಎಷ್ಟ್ ಮಿಷಿನ್ ಸಾರ್?"

"ಐದು" ಎಂದೆ. ದಿನವೂ ಐದರ ಚಾಕರಿ ಮಾಡುವವನ ಬಾಯಿಗೆ ಬೇರೇನು ಬಂದೀತು?

ಅವರು ಐದು ಮೊಳ ಕತ್ತರಿಸಿಕೊಂಡು ಒಳಗೆ ಹೋದರು. ಸುತ್ತ ನೋಡಿದರು. "ಇರೋದು ಒಂದೇ ಡಬ್ಬ. ಮಿಕ್ಕ ನಾಕು ರಜಾ ಹಾಕವ್ಯಾ?"

"ಎಲ್ಲ ಅದರೊಳಗೇ ಇವೆ ರತ್ನಮ್ಮ."

"ಒಂದೇ ಒಟ್ಟೇಲಿ ಐದಾ? ಪಾಪ, ಅದ್ಕೇ ಇಂಗೆ ಬುಸುಗುಡ್ತೈತೆ" ಎಂದು ಫ್ಯಾನಿನ ಸದ್ದಿಗೆ ಮರುಗಿ, ಐದೂ ಮೊಳವನ್ನು ಆ ಒಂದೇ ಪೆಟ್ಟಿಗೆಯ ಮೇಲೆ ಇಳಿಬಿಟ್ಟರು.

ನನ್ನ ಹಿಂದೆ ನಿಂತಿದ್ದ ಯಜಮಾನರು ಶಿವಣ್ಣನವರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಲ್ಲ ಮೂರ್ತಿ, ಐದಕ್ಕೂ ಲೈಸೆನ್ಸ್ ಇದೆ ತಾನೆ? ಸೋಮವಾರ ಬರೋರು ಕೇಳೋದೇ ಅದನ್ನ" ಎಂದರು.

ಸೋಮವಾರ ಬರುವವರು ನಮ್ಮ ದೊಡ್ಡ ಗಿರಾಕಿಯ ಕಡೆಯ ತಪಾಸಣೆಯವರು. ನಮ್ಮ ಎರಡನೆಯ ಪಾಳಿ ನಡೆಯುತ್ತಿದ್ದದ್ದೇ ಅವರ ಆರ್ಡರಿನಿಂದ. ಲೈಸೆನ್ಸಿಲ್ಲದ ಸಾಫ್ಟ್‌ವೇರ್ ಕಂಡರೆ ಆರ್ಡರನ್ನು ಕೈಬಿಡುತ್ತೇವೆಂದು ಅವರು ಮೊದಲೇ ಹೇಳಿದ್ದರು. ಆರ್ಡರ್ ಹೋದರೆ ಪಾಳಿ ಹೋಗುತ್ತದೆ, ಪಾಳಿ ಹೋದರೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವವರು ಗಂಟು ಕಟ್ಟುತ್ತಾರೆ. "ಇದೆ ಸಾರ್" ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಐದು ಎಳೆ ಹೂವು ಕಣ್ಣ ಮುಂದೆಯೇ ತೂಗುತ್ತಿದ್ದವು.

"ಪೆಟ್ಟಿಗೆಗೆ ಇದೆ ಸಾರ್" ಎಂದೆ. ಕಾಲು ನಡುಗಿದ್ದು ಆಗಲೇ.

ಈ ಲೈಸೆನ್ಸಿನ ತರ್ಕ ವಿಚಿತ್ರವಾದದ್ದು. ಒಬ್ಬ ವಠಾರದ ಮಾಲೀಕ ಬಾಡಿಗೆಯನ್ನು ಕಟ್ಟಡದ ಕಂಬಗಳ ಲೆಕ್ಕದಲ್ಲಿ ಕೇಳುತ್ತಾನೆ ಎಂದುಕೊಳ್ಳಿ. ಎಲ್ಲ ಕಂಬಗಳಿಗೂ ಬಾಡಿಗೆ ಕೊಟ್ಟರೆ ಎರಡು ಸಂಸಾರ ಇರಬಹುದು. ಮೂರನೆಯ ಸಂಸಾರ ಬಂದರೆ, ಕಂಬ ಒಂದೂ ಹೆಚ್ಚದಿದ್ದರೂ, ಎಲ್ಲ ಕಂಬಗಳಿಗೂ ಮೊದಲಿನಿಂದ ಬಾಡಿಗೆ ಕೊಡಬೇಕು. ಆಗ ನಾಲ್ಕು ಸಂಸಾರದವರೆಗೆ ಸರಿ. ನಮ್ಮ ಪೆಟ್ಟಿಗೆಯ ಪ್ರೊಸೆಸರಿನ ಕೋರ್‌ಗಳೇ ಆ ಕಂಬಗಳು. ನಾವು ಒಮ್ಮೆ ಬಾಡಿಗೆ ಕೊಟ್ಟು ಐದು ಸಂಸಾರ ತುಂಬಿಸಿದ್ದೆವು. ಕಬ್ಬಿಣ ಎಣಿಸುವವರಿಗೆ ಕಂಬ ಕಂಡಿತ್ತು, ಸಂಸಾರ ಕಂಡಿರಲಿಲ್ಲ. ಹಾಗೆ ನೋಡಿದರೆ ಕಾಣದ್ದನ್ನು ಎಣಿಸುವುದು ನಮಗೆ ಹೊಸತೇನಲ್ಲ. ಒಂದು ತಂಬಿಗೆ ನೀರು, ಒಂದು ತೆಂಗಿನಕಾಯಿ ಇಟ್ಟು ಅದರೊಳಗೆ ಎಷ್ಟು ನದಿಗಳನ್ನು ಕರೆಯುತ್ತೇವೆ. ಅಲ್ಲಿ ಯಾರೂ ತಂಬಿಗೆ ಎಷ್ಟು ಎಂದು ಕೇಳುವುದಿಲ್ಲ.

ಯಜಮಾನರು ಬೈಯುತ್ತಾರೆಂದುಕೊಂಡಿದ್ದೆ. ಅವರು ಐದು ಎಳೆಗಳನ್ನೂ ಒಮ್ಮೆ ನೋಡಿ, "ಸದ್ಯ, ಹೂವಲ್ಲೇ ಗೊತ್ತಾಯ್ತಲ್ಲ" ಎಂದಷ್ಟೇ ಹೇಳಿ, ಅಲ್ಲಿಂದಲೇ ಡೀಲರನಿಗೆ ಫೋನು ಮಾಡಿದರು. ಅವನ ಕಡೆಯೂ ಪೂಜೆಯ ಗಂಟೆ ಕೇಳುತ್ತಿತ್ತು. ಗಂಟೆಯ ನಡುವೆಯೇ ಇನ್ನೊಂದು ಪೂರ್ತಿ ಲೈಸೆನ್ಸಿಗೆ ಮಾತಾಯಿತು. ನಾಲ್ಕು ಉಳಿದವು. ಐದನೆಯದು ಹೋಗಬೇಕಿತ್ತು.

ಅದು ಯಾವುದೆಂದು ಹುಡುಕಬೇಕಾಗಲಿಲ್ಲ. ಯಾವುದೋ ಪರೀಕ್ಷೆಗೆಂದು ನಾನೇ ಮಾಡಿ ಮರೆತದ್ದು. ಪಾಪ, ಯಾರೂ ಕೇಳದ ಕೆಲಸವನ್ನು ಅದು ಶ್ರದ್ಧೆಯಿಂದ ಮಾಡುತ್ತ ಕೂತಿತ್ತು. ಈಗಲೇ ಅಳಿಸುತ್ತೇನೆಂದು ಕೂತವನನ್ನು ರತ್ನಮ್ಮ ತಡೆದರು. "ಪೂಜೆ ಆಗಿರೋದನ್ನ ಇಂಗೆ ಕಿತ್ತಾಕ್ತಾರಾ ಸಾರ್? ಕಳಸ ಆದ್ರೂ ಮೊದ್ಲು ಒಸಿ ಕದಲಿಸಿ ಆಮೇಲ್ ತೆಗೀತಾರೆ." ನಮ್ಮ ಕಸುಬಿನಲ್ಲೂ ಅದೇ ಪದ್ಧತಿ. ಮೊದಲು ಆರಿಸಿ, ಯಾರಾದರೂ ಕೂಗಿಕೊಳ್ಳುತ್ತಾರೋ ಎಂದು ಕಾದು, ಆಮೇಲೆ ಅಳಿಸುವುದು. ಹಬ್ಬ ಕಳೆಯುವವರೆಗೆ ಆರಿಸಿಟ್ಟೆ. ಯಾರೂ ಕೂಗಲಿಲ್ಲ. ಸೋಮವಾರ ಬೆಳಿಗ್ಗೆ ಅಳಿಸಿದೆ.

ತಪಾಸಣೆಯವರು ಬಂದು ಎಷ್ಟೆಂದು ಕೇಳಿದರು. ನಾಲ್ಕು ಎಂದೆ. ಅದು ನಿಜವಾಗಿತ್ತು, ಹಳೆಯದರ ಜೊತೆ ಹೊಸ ಲೈಸೆನ್ಸನ್ನೂ ತೋರಿಸಿದೆ. ಅವರಲ್ಲೊಬ್ಬರು ಬಾಡಿದ ಸೇವಂತಿಗೆಯನ್ನು ನೋಡಿ, "ನಮ್ಮ ಆಫೀಸಲ್ಲೂ ಇನ್ನೂ ಹಾಗೇ ಇದೆ" ಎಂದರು. ಆರ್ಡರ್ ಉಳಿಯಿತು. ಸಂಜೆ ಎರಡನೆಯ ಪಾಳಿಯ ಸೈರನ್ ಕೂಗಿದಾಗ, ದಿನವೂ ಕೇಳುವ ಆ ಕರ್ಕಶ ಸದ್ದನ್ನು ಮೊದಲ ಸಲ ಕಿವಿಗೊಟ್ಟು ಪೂರ್ತಿ ಕೇಳಿದೆ.

ರತ್ನಮ್ಮನಿಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯಲಿಲ್ಲ. ಹೇಳಲು ಹೋದರೆ, "ಊವ ಇಟ್ಟಿದ್ಕೆಲ್ಲಾ ಏನ್ ಸಾರ್" ಎಂದು ಮುಖ ತಿರುಗಿಸಿದರು. ಈಗಲೂ ಪ್ರತಿ ಹಬ್ಬಕ್ಕೆ ಅವರು ನನ್ನ ರೂಮಿಗೆ ಐದು ಮೊಳವನ್ನೇ ತರುತ್ತಾರೆ. ನಾಲ್ಕೇ ಸಾಕು ಎಂದರೆ, "ಇರ್ಲಿ ಇಟ್ಕಳಿ, ನೀವ್ ಯಾವಾಗ ಇನ್ನೊಂದ್ ಉಟ್ಟಿಸ್ತೀರೋ ಏನೋ" ಎನ್ನುತ್ತಾರೆ. ಹೊಸದೊಂದನ್ನು ಹುಟ್ಟಿಸಲು ಕೈ ಹೋದಾಗಲೆಲ್ಲ ಆ ಹೆಚ್ಚಿನ ಮೊಳ ನೆನಪಾಗಿ ಕೈ ಹಿಂದೆ ಬರುತ್ತದೆ.

ಅಂದು ಆ ಬಾಗಿಲಲ್ಲಿ ಇದನ್ನು ಕಂಡವರು ನನ್ನನ್ನು ಬಿಟ್ಟರೆ ರತ್ನಮ್ಮ ಮತ್ತು ಶಿವಣ್ಣನವರು. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಕೇಳಿ ನೋಡಬಹುದು. ಪೆಟ್ಟಿಗೆಯ ಒಳಗಿನಿಂದ ಇದನ್ನು ಕಂಡವು ಐದು. ಅವುಗಳಲ್ಲಿ ನಾಲ್ಕು ಇನ್ನೂ ಬದುಕಿವೆ. ಐದನೆಯದು ಹೂವು ಮುಡಿದುಕೊಂಡೇ ಹೋಯಿತು.