ಕಬ್ಬಿನ ಮನೆಯ ಹುಡುಗಿಗೆ ಬೀಜದ ಪರೀಕ್ಷೆ

ನನ್ನ ಮಗಳು ದಡ್ಡಿ ಎಂದು ಇಲ್ಲಿಯವರೆಗೆ ಯಾರೂ ನನ್ನ ಮುಖದ ಮುಂದೆ ಹೇಳಿಲ್ಲ. ಹೇಳಿದ್ದರೆ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಎಲ್ಲರೂ ಹೇಳುತ್ತಿದ್ದುದು "ಮೀಡಿಯಂ ಅದಾಳ್ರಿ" ಎಂದು. ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಅವಳು ಗೋಕಾಕದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಎರಡನೆಯ ವರ್ಷದಲ್ಲಿ ಒಮ್ಮೆ ಪಾಲಕರನ್ನು ಕರೆದಿದ್ದರು. ಭೌತಶಾಸ್ತ್ರದ ಸರ್ ಅವಳ ಅಂಕಗಳ ಮೇಲೆ ಬೆರಳಾಡಿಸಿ, "ಪಾಸಿಗೇನ ಅಡ್ಡಿ ಇಲ್ರಿ ಅಕ್ಕಾರ. ಖರೆ ಸಿಇಟಿಗೆ ಇಷ್ಟ ಸಾಲೂದಿಲ್ಲ. ಆ ಖೋಖೋ ಒಂದ ಬಿಡಸ್ರಿ, ಮಾರ್ಕ್ಸ್ ತಾವ ಬರ್ತಾವ" ಎಂದರು. ಮಾತಿಗೆ ಮಾತು ಕೊಡುವವಳು ಎಂದು ಗಂಡನ ಮನೆಯಲ್ಲಿ ನನಗೆ ಹೆಸರಿದೆ. ಆದರೂ ಅಂದು ಸುಮ್ಮನೆ ತಲೆಯಾಡಿಸಿ ಬಂದೆ. ಸರ್ ಹೇಳಿದ್ದು ನನ್ನ ಮನಸ್ಸಿನಲ್ಲಿದ್ದ ಮಾತೇ ಆಗಿತ್ತು.

ಮನೆಗೆ ಬಂದವಳೇ ಅವಳ ಆಟದ ಬೂಟುಗಳನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲೆ ಎಸೆದೆ. ಮಗಳು ಅಳಲಿಲ್ಲ. ಅವರಪ್ಪನ ಮುಖ ನೋಡಿದಳು ಅಷ್ಟೆ. ನನ್ನ ಗಂಡ ಶಾಲೆಯ ಕಾಲದಲ್ಲಿ ಖೋಖೋ ಆಡಿದವರು. ಇವಳಿಗೆ ನಡೆಯಲು ಬಂದಾಗಿನಿಂದ ಅಂಗಳದಲ್ಲಿ ಓಡಿಸಿದವರೂ ಅವರೇ.

"ಬೂಟ ಮ್ಯಾಲ ಒಗದ್ರ ಮಾರ್ಕ್ಸ್ ತೆಳಗ ಉದರತಾವೇನ?" ಎಂದರು.

"ನೀವ ಸುಮ್ನಿರ್ರಿ. ಓಡಿ ಓಡಿ ನೀವೇನ ಕಲೆಕ್ಟರ ಆಗೀರಿ?" ಎಂದೆ.

ಅವರು ನಕ್ಕು ಹೊಲಕ್ಕೆ ಹೋದರು. ಮಗಳು ಪುಸ್ತಕ ಹಿಡಿದು ಕುಳಿತಳು. ಕುಳಿತದ್ದು ನಿಜ, ಆದರೆ ನಾನು ರೊಟ್ಟಿ ಬಡಿಯಲು ಕುಳಿತಾಗ ತೆರೆದಿದ್ದ ಪುಟ ಕೊನೆಯ ರೊಟ್ಟಿ ಬೇಯುವಾಗಲೂ ಹಾಗೇ ತೆರೆದಿರುತ್ತಿತ್ತು. ಮುಂದಿನ ಕಿರುಪರೀಕ್ಷೆಯಲ್ಲಿ ಇದ್ದ ಅಂಕವೂ ಹೋಯಿತು. ಏಣಿ ಹಾಕಿ ಅಟ್ಟ ಹತ್ತಿ ಬೂಟು ಇಳಿಸಿಕೊಟ್ಟವಳೂ ನಾನೇ. ಎಸೆದವಳು ಇಳಿಸಿದರೆ ಅದರಲ್ಲಿ ನಾಚಿಕೆ ಏನು?

ಆಮೇಲೆ ಗೋಕಾಕದಲ್ಲಿ ಕಾಲೇಜುಗಳ ನಡುವೆ ಪಂದ್ಯ ನಡೆಯಿತು. ಅವಳ ಆಟ ನೋಡಲು ಅಲ್ಲಿಯವರೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಹುಡುಗಿಯರು ಒಬ್ಬಳು ಆ ಕಡೆ ಮುಖ, ಇನ್ನೊಬ್ಬಳು ಈ ಕಡೆ ಮುಖ ಮಾಡಿ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಬೆನ್ನ ಹಿಂದೆ ಯಾರು ಬರುತ್ತಾರೆ ಎಂದು ತಿರುಗಿ ನೋಡುವಂತಿಲ್ಲ. ಬೆನ್ನು ಮುಟ್ಟಿ 'ಖೋ' ಎಂದರೆ ಸಾಕು, ಎದ್ದು ಓಡಬೇಕು. ಮನೆಯಲ್ಲಿ ಒಂದು ಲೆಕ್ಕಕ್ಕೆ ತಾಸುಗಟ್ಟಲೆ ಪೆನ್ನು ಕಚ್ಚುವ ಹುಡುಗಿ ಅಲ್ಲಿ ರೆಪ್ಪೆ ಬಡಿಯುವುದರೊಳಗೆ ಎದ್ದು, ಯಾರನ್ನು ಬೆನ್ನಟ್ಟಬೇಕು, ಯಾರನ್ನು ಬಿಡಬೇಕು ಎಂದು ಗೊತ್ತುಮಾಡಿಕೊಂಡಿರುತ್ತಿದ್ದಳು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ, "ಅಕಿ ನನ್ನ ಮಗಳ್ರಿ" ಎಂದೆ. ಅವಳು ನನ್ನನ್ನು ಏನೂ ಕೇಳಿಯೇ ಇರಲಿಲ್ಲ.

ಅಂದು ಬಸ್ಸಿನಲ್ಲಿ ಮಗಳು ನನ್ನ ಪಕ್ಕ ಕೂತು, "ಅವ್ವಾ, ನನಗ ಡಾಕ್ಟರ ಇಂಜಿನಿಯರ ಆಗೂದ ಆಗೂದಿಲ್ಲ, ಅದ ನಿನಗೂ ಗೊತ್ತೈತಿ. ಧಾರವಾಡಕ್ಕ ಬಿಎಸ್ಸಿ ಅಗ್ರಿಗೆ ಹೋಗ್ತೇನಿ. ಅಲ್ಲಿ ದೊಡ್ಡ ಮೈದಾನ ಐತಿ, ಹುಡುಗ್ಯಾರ ಟೀಮೂ ಐತಿ" ಎಂದಳು. ಆ ಸೀಟು ಸಿಗದಿದ್ದರೆ ಊರ ಹತ್ತಿರದ ಕಾಲೇಜೇ ಗತಿ. ಅಲ್ಲಿ ಹುಡುಗಿಯರ ತಂಡ ಹಾಳಾಗಲಿ, ಖೋಖೋದ ಒಂದು ಕಂಬ ನೆಡುವಷ್ಟು ಜಾಗವೂ ಇಲ್ಲ. ಸೀಟು ಹೋದರೆ ಅವಳ ಆಟವೂ ಹೋಯಿತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಸಿಇಟಿ ಬರೆದಳು. ಬಂದ ಅಂಕ ಅವಳ ಹಾಗೆಯೇ, ಮೀಡಿಯಂ. ಆದರೆ ರೈತರ ಮಕ್ಕಳಿಗೆ ಅಗ್ರಿ ಸೀಟಿನಲ್ಲಿ ಬೇರೆ ಪಾಲು ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ರೋಗ ಹಿಡಿದ ಎಲೆ, ಒಕ್ಕಲುತನದ ಸಾಮಾನು ಹೀಗೆ ಏನೇನೋ ಮೇಜಿನ ಮೇಲೆ ಇಟ್ಟಿರುತ್ತಾರೆ, ನೋಡಿ ಗುರುತಿಸಿ ಬರೆಯಬೇಕು. ಅದರಲ್ಲಿ ಚೆನ್ನಾಗಿ ಮಾಡಿದರೆ ಸಿಇಟಿಯಲ್ಲಿ ಕಳೆದುಕೊಂಡದ್ದು ತುಂಬಿ ಬರುತ್ತದೆ. ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಹಬ್ಬ. "ರೈತ್ರ ಮಗಳಿಗೆ ಇದರಾಗ ಓದೂದೇನೈತಿ?" ಎಂದೆ ನಾನು. "ನಿದ್ದಿಗಣ್ಣಾಗ ಬರೀತಾಳ" ಎಂದರು ನನ್ನ ಗಂಡ.

ಆ ವಾರ ನನ್ನ ತಮ್ಮ ಹುಕ್ಕೇರಿ ಕಡೆಯಿಂದ ಬಂದ. ನನ್ನ ತವರು ಅಲ್ಲಿ, ಮಳೆಯನ್ನು ನಂಬಿದ ಹೊಲ. ಜೋಳದ ಸಾಲುಗಳ ನಡುವೆ ಅಕ್ಕಡಿ ಎಂದು ಒಂದು ಸಾಲು ಬಿಟ್ಟು, ಅದರಲ್ಲಿ ಮನೆಗೆ ಬೇಕಾದ ಕಾಳುಕಡಿ ಎಲ್ಲ ಹಾಕುತ್ತಿದ್ದರು. ಆ ಬೀಜಗಳನ್ನು ಕಾಯುವುದು ಹೆಂಗಸರ ಕೆಲಸ. ಹಳೆಯ ಸೀರೆಯ ಉದ್ದ ತುಂಡಿನಲ್ಲಿ ಒಂದೊಂದು ಬೀಜಕ್ಕೆ ಒಂದೊಂದು ಗಂಟು ಹಾಕಿ ಅವ್ವ ತೂಗುಹಾಕುತ್ತಿದ್ದಳು. ಬಿತ್ತುವ ದಿನ ಆ ಗಂಟು ಬಿಚ್ಚಿ ನನ್ನ ಉಡಿಗೆ ಸುರಿಯುತ್ತಿದ್ದಳು. ತಮ್ಮ ಅಂಥದೇ ಒಂದು ಗಂಟಿನ ಸೀರೆ ತಂದು ಅಂಗಳದಲ್ಲಿ ಬಿಚ್ಚಿದ. "ಬಾ ಅವ್ವಿ, ನೋಡೂಣು ನಿನ್ನ ಪರೀಕ್ಷಾ" ಎಂದು ಮಗಳನ್ನು ಕರೆದ.

ಮಗಳು ನವಣೆ ಹಿಡಿದು "ಸಾಸಿವಿ" ಎಂದಳು. ಮಡಕಿ ಕಾಳು ಹಿಡಿದು "ಹೆಸರಕಾಳ" ಎಂದಳು. ಪುಂಡಿ ಪಲ್ಲೆಯ ಬೀಜ ನೋಡಿ, ಕಲ್ಲಿರಬೇಕು ಎಂದಳು. ನನ್ನ ಗಂಡನಿಗೆ ತಡೆಯಲಿಲ್ಲ, "ತಾ ಇಲ್ಲೆ" ಎಂದು ತಾವೇ ಮುಂದೆ ಬಂದು ಕೂತರು. ಗುರೆಳ್ಳು ಹಿಡಿದು "ಕರೇ ಎಳ್ಳ" ಎಂದರು. ಸಾವೆ ಹಿಡಿದು ಸುಮಾರು ಹೊತ್ತು ನೋಡಿ, ಮೀಸೆ ತಿರುವಿ, ಕೆಳಗಿಟ್ಟರು.

ನನ್ನ ತಮ್ಮ ಬಿದ್ದು ಬಿದ್ದು ನಕ್ಕ. "ಮಾಮಾರ, ನಿಮಗ ಸಕ್ಕರಿ ಒಂದ ಗುರ್ತ ಹತ್ತತೈತಿ ನೋಡ್ರಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮೂರು ಮೂಡಲಗಿ ಕಡೆಯದು. ಧುಪದಾಳದ ಒಡ್ಡಿನಿಂದ ಹೊರಟ ಕಾಲುವೆ ನಮ್ಮ ಹೊಲದ ಬದುವಿಗೇ ಹರಿಯುತ್ತದೆ. ನೀರು ಬಂತು, ಕಬ್ಬು ಬಂತು, ಉಳಿದದ್ದೆಲ್ಲ ಹೋಯಿತು. ಕಬ್ಬಿಗೆ ಬೀಜವೂ ಬೇಡ, ತುಂಡು ಊರಿದರೆ ಆಯಿತು. ನನ್ನ ಮಗಳು ಹುಟ್ಟಿದಾಗಿನಿಂದ ಮನೆಯಲ್ಲಿ ಬಿತ್ತುವ ಬೀಜವನ್ನೇ ಕಂಡಿರಲಿಲ್ಲ. ಕಾಳು ಎಂದರೆ ಅವಳಿಗೆ ಅಂಗಡಿಯ ಪೊಟ್ಟಣ. ಮೊದಲು ನಾನೂ ನಕ್ಕೆ, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಪರೀಕ್ಷೆ ಎದುರಿಗೇ ಇತ್ತು.

"ನಗೂದ ಸಾಕು. ನಾ ಕಲಸ್ತೇನಿ" ಎಂದೆ. ನನಗೆ ಹೆದರಿಕೆ ಆಯಿತು, ಆದರೆ ಕಲಿಸಬಲ್ಲೆ ಎಂಬುದರಲ್ಲಿ ಸಂಶಯ ಇರಲಿಲ್ಲ. ಹತ್ತನೆಯ ತರಗತಿಗೆ ನನ್ನ ಓದು ನಿಂತಿತು, ಆದರೆ ಉಡಿಯಲ್ಲಿ ಹೊತ್ತ ಬೀಜ ಮರೆಯುತ್ತದೆಯೇ?

ಅಡುಗೆಮನೆಯಲ್ಲಿ ತಟ್ಟೆ ಹರಡಿ ಕೂರಿಸಿದೆ. ಅಗಸಿ ಅಂಗೈಯಲ್ಲಿ ಜಾರುತ್ತದೆ, ಕುಸುಬಿ ಬೆಳ್ಳಗೆ ಗಟ್ಟಿ ಸಿಪ್ಪೆ, ಎಳ್ಳು ಚಪ್ಪಟೆ, ಗುರೆಳ್ಳು ಸಣ್ಣಗೆ ಉದ್ದ. ಕಣ್ಣಿಗೆ ಮೋಸ ಆದರೆ ಬೆರಳಿಗೆ ಕೇಳು ಎಂದೆ. ಅವಳು ಆಕಳಿಸಿದಳು. ನನಗೆ ಸಿಟ್ಟು ನೆತ್ತಿಗೇರಿ ಲಟ್ಟಣಿಗೆ ಕುಟ್ಟಿದೆ. ಮಗಳು, "ಕುಂತ್ರ ನನ್ನ ತಲಿ ಜೋಮ ಹಿಡೀತೈತಿ ಅವ್ವಾ, ನಾ ಏನ ಮಾಡ್ಲಿ" ಎಂದಳು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ಕುಂದರಸಬ್ಯಾಡ. ಓಡಸು" ಎಂದರು.

ಅವರೇ ಅಂಗಳದಲ್ಲಿ ಬೂದಿಯಿಂದ ಗೆರೆ ಎಳೆದರು. ಗೆರೆಯುದ್ದಕ್ಕೂ ತಟ್ಟೆಗಳು. ಮಗಳು ಒಂದು ತುದಿಯಲ್ಲಿ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂರಬೇಕು. ಅಪ್ಪ ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಎಂದ ಕೂಡಲೇ ಎದ್ದು ಓಡಿ, ನಾನು ಕೈ ತೋರಿಸಿದ ತಟ್ಟೆಯ ಕಾಳು ಚಿಟಿಕೆಯಲ್ಲಿ ಹಿಡಿದು ಹೆಸರು ಹೇಳಬೇಕು. ತಪ್ಪಿದರೆ ಮತ್ತೆ ತುದಿಗೆ. ಅವಳು ಬೆನ್ನು ಮಾಡಿ ಕೂತಿದ್ದಾಗ ನಾನು ತಟ್ಟೆ ಅದಲುಬದಲು ಮಾಡುತ್ತಿದ್ದೆ. ಮೊದಲ ದಿನ ಓಟ ಓಡಿದಳು, ಹೆಸರು ತಪ್ಪಿದಳು. ದಿನ ಕಳೆದಂತೆ ಕೈ ತಟ್ಟೆಗೆ ತಗಲುವ ಮೊದಲೇ ಹೆಸರು ಬಾಯಿಗೆ ಬರತೊಡಗಿತು.

ಬಾಜೂ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ರಿ, ಮಗಳನ್ನ ಕೋಳಿ ಮಾಡೀರೇನು? ಕಾಳ ಹಾಕಿ ಓಡಸಾಕತ್ತೀರಲ್ಲ" ಎಂದಳು.

"ಊರ ಎಬ್ಬಸೂದು ಕೋಳಿನ ಅಲ್ಲೇನ್ರಿ?" ಎಂದೆ.

ನಡುವೆ ಅವಳನ್ನು ತವರಿಗೂ ಕಳಿಸಿದೆ. ಅಲ್ಲಿ ಬಿತ್ತಿಗೆ ನಡೆದಿತ್ತು. ತಮ್ಮ ಅವಳ ಕೈಗೆ ಬಿತ್ತುವ ಕೂರಿಗೆ ಹಿಡಿಸಿದ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಯಾವುದು, ಹರಗುವ ಕುಂಟೆ ಯಾವುದು ತೋರಿಸಿದ, ಹೊಲದ ಕಳೆಗಳನ್ನು ಕಿತ್ತು ಕಿತ್ತು ಕೊಟ್ಟ. ಕಪ್ಪಾಗಿ, ಅಂಗೈ ಒರಟಾಗಿ ತಿರುಗಿ ಬಂದಳು. ಬಂದವಳೇ ಅವರಪ್ಪನನ್ನು ಕೂರಿಸಿ ಪರೀಕ್ಷೆ ಮಾಡಿದಳು. ಅವರು ಈ ಸಲವೂ ಸಾವೆಯಲ್ಲಿ ಸೋತರು.

ಕಬ್ಬನ್ನು ಮಾತ್ರ ನಾವು ಯಾರೂ ತಟ್ಟೆಯಲ್ಲಿ ಇಡಲಿಲ್ಲ. ಮನೆಯ ಹಿಂದೆಯೇ ನಿಂತಿತ್ತಲ್ಲ, ಇಡುವುದೇನು?

ಪರೀಕ್ಷೆ ಧಾರವಾಡದಲ್ಲಿ. ಗಂಡ ಹೆಂಡತಿ ಇಬ್ಬರೂ ಜೊತೆಗೆ ಹೋದೆವು. ಒಳಗೆ ಹೋಗುವಾಗ ಅವರಪ್ಪ ಅವಳ ಬೆನ್ನು ಮುಟ್ಟಿ ಮೆಲ್ಲಗೆ 'ಖೋ' ಎಂದರು. ಅವಳು ತಿರುಗಿ ನೋಡದೆ ಹೋದಳು. ನಾವು ಬೇವಿನ ಮರದ ಕೆಳಗೆ ಕೂತೆವು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿಯಿತು.

ಹೊರಗೆ ಬಂದಾಗ ಅವಳ ಮುಖ ಅರಳಿತ್ತು. ಮಡಕಿ ಬಂದಿತ್ತು, ಗುರೆಳ್ಳು ಬಂದಿತ್ತು, ನನ್ನ ತಮ್ಮ ತೋರಿಸಿದ ಕಳೆ ಬಂದಿತ್ತು. ಅವಳು ಒಂದೊಂದಾಗಿ ಹೇಳುತ್ತಾ ಬಂದಳು, ಅವರಪ್ಪ ಒಂದೊಂದಕ್ಕೂ ತಲೆಯಾಡಿಸುತ್ತಾ ಬಂದರು. "ಒಂದ ಕಬ್ಬಿನ ತುಂಡೂ ಇತ್ತ. ಪೂರಾ ನೋಡ್ಲೇ ಇಲ್ಲ, ಕಬ್ಬ ಅಂತ ಬರದು ಮುಂದ ಓಡಿದ್ನಿ" ಎಂದಳು.

ಅವರಪ್ಪ ನಿಂತುಬಿಟ್ಟರು. "ಬಾಜೂಕ ಪ್ರಶ್ನಾ ಏನಿತ್ತ?"

ಅವಳು ಪ್ರಶ್ನೆ ಓದಿಯೇ ಇರಲಿಲ್ಲ. ತುಂಡಿನಲ್ಲಿ ತೂತು ಇತ್ತೇನು ಎಂದು ಅವರಪ್ಪ ಕೇಳಿದರು. ಇತ್ತು, ಸಣ್ಣದೊಂದು ತೂತು ಇತ್ತು ಎಂದಳು. "ಕೊರಕ ಹುಳ. ಹುಳದ ಹೆಸರ ಕೇಳಿರತಾರ" ಎಂದು ಅವರು ಸಣ್ಣ ದನಿಯಲ್ಲಿ ಹೇಳಿದರು.

"ನಮ್ಮ ಮನಿ ಕಬ್ಬಿನಾಗ ಓದೂದೇನೈತಿ ಅನಿಸ್ತವ್ವಾ" ಎಂದು ಮಗಳು ನನ್ನ ಮುಖ ನೋಡಿದಳು. ಆ ಮಾತು ಎಲ್ಲಿಂದ ಕಲಿತಳು ಎಂದು ನನಗೆ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಊರಿಗೆಲ್ಲ ಹೇಳುವವಳು ನಾನು. ರೊಟ್ಟಿಯ ಗಂಟು ಬಿಚ್ಚಿ ಅವಳ ಕೈಗೆ ಕೊಟ್ಟೆ. "ಆತು ಬಿಡು. ಉಣ್ಣು ಮೊದಲ" ಎಂದೆ.

ಸೀಟು ಹಂಚುವ ದಿನದ ತನಕ ಮನೆಯಲ್ಲಿ ಯಾರೂ ಕಬ್ಬಿನ ಮಾತು ಎತ್ತಲಿಲ್ಲ. ಕಬ್ಬಿನ ನಡುವೆ ಬದುಕುವವರಿಗೆ ಅದು ಸುಲಭದ ಕೆಲಸವಲ್ಲ. ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ಮಗಳು ಬೂಟು ತೊಳೆದು, ಒಣಗಿಸಿ, ತಾನೇ ಚೀಲಕ್ಕೆ ಹಾಕಿಟ್ಟಳು. ಅದನ್ನು ನೋಡಿದಾಗ ನನಗೆ ಆದ ಸಂಕಟ ಹೇಳಲಾರೆ. "ಅಟ್ಟಕ್ಕ ಇಡಬ್ಯಾಡ, ಇನ್ನೂ ಒಂದ ಸುತ್ತ ಐತಿ" ಎಂದು ಚೀಲವನ್ನು ಬಾಗಿಲ ಪಕ್ಕವೇ ಇರಿಸಿದೆ.

ಎರಡನೆಯ ಸುತ್ತಿನಲ್ಲಿ ಬಂತು. ನಾನು ಹಿಟ್ಟು ನಾದುತ್ತಿದ್ದೆ. ಮಗಳು ಮೊಬೈಲು ಹಿಡಿದು ಓಡಿ ಬಂದು ನನ್ನ ಬೆನ್ನಿಗೆ ಕೈ ಹಾಕಿ 'ಖೋ' ಎಂದಳು. ತಿರುಗಿ ನೋಡಿದರೆ ಕಣ್ಣ ತುಂಬ ನೀರು. ನನ್ನ ಹಿಟ್ಟಿನ ಕೈ ಅವಳ ಕೆನ್ನೆಗೆಲ್ಲ ಮೆತ್ತಿತು. ಅವರಪ್ಪ ಬೂಟಿನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದರು.

ಅವರು ಪೇಢೆ ತರಲು ಹೋದ ಮೇಲೆ ಮಗಳು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, "ಅವ್ವಾ, ಖರೇ ಹೇಳ್ಲಿ? ಆ ಪರೀಕ್ಷಾ ನೀನ ಬರೆದಿದ್ರ ನನಗಿಂತ ಮೊದಲ ನಿನಗ ಸೀಟ ಸಿಗತಿತ್ತು" ಎಂದಳು.

ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನನ್ನನ್ನು ಕೂರಿಸಿ ಮದುವೆಯ ಅರಿಷಿಣ ಹಚ್ಚಿದ್ದರು. ಮುಂದೆ ಓದುತ್ತೀಯಾ ಎಂದು ಅಲ್ಲಿಂದ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾದಿದ ಹಿಟ್ಟನ್ನೇ ಮತ್ತೆ ನಾದಿದೆ.

"ಕಬ್ಬಿನ ಹುಳ ನನಗೂ ಗೊತ್ತಿದ್ದಿಲ್ಲ" ಎಂದೆ. "ಕಲ್ತ ಬಾ. ಬಂದು ನನಗ ಕಲಸು."

"ನೀ ಕುಂತ್ರ ಆಕಳಸ್ತಿ" ಎಂದಳು.

"ಓಡಸು" ಎಂದೆ.