ಮೊಳೆ ಜೋಡಿಸಿ ಕೊಲೆ ಬರೆದ ತಿಮ್ಮರಾಯಪ್ಪ

ಸಾರಕ್ಕಿಯ ತಿಮ್ಮರಾಯಪ್ಪ ಪತ್ತೇದಾರಿ ಕಾದಂಬರಿ ಬರೆದದ್ದು ಪೆನ್ನಿನಲ್ಲಲ್ಲ, ಸೀಸದಲ್ಲಿ. ಬನಶಂಕರಿ ಕಡೆಯ ಒಂದು ಪುಟ್ಟ ಪ್ರೆಸ್ಸಿನಲ್ಲಿ ಅವನು ಕಂಪೋಸಿಟರ್. ಖಾನೆಗಳಿಂದ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಸಾಲು ಜೋಡಿಸುವ ಕೆಲಸ. ಹಗಲೆಲ್ಲಾ ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಸಂಜೆ ಯಜಮಾನ ಗುರುಬಸಪ್ಪನವರು ಕಾಫಿಗೆ ಎದ್ದರೆಂದರೆ ಕಾದಂಬರಿ ಶುರು. ಹಸ್ತಪ್ರತಿ ಗಿಸ್ತಪ್ರತಿ ಏನೂ ಇಲ್ಲ. ತಲೆಗೆ ಬಂದದ್ದು ನೇರ ಬೆರಳಿಗೆ, ಬೆರಳಿನಿಂದ ಮೊಳೆಗೆ. ಪೆನ್ನು ಕೈಗೆ ಕೊಟ್ಟರೆ ಪಾಪ, ಅವನಿಗೆ ಒಂದು ವಾಕ್ಯವೂ ಹುಟ್ಟುತ್ತಿರಲಿಲ್ಲ.

ಆದರೆ ಪ್ರೆಸ್ಸಿನಲ್ಲಿದ್ದ ಮೊಳೆ ನಾಲ್ಕೇ ಪುಟಕ್ಕೆ ಸಾಲುತ್ತಿತ್ತು. ನಾಲ್ಕು ಪುಟ ಜೋಡಿಸಬೇಕು, ಟ್ರೆಡಲ್ ಯಂತ್ರ ತುಳಿದು ಅಷ್ಟೂ ಪ್ರತಿ ಒತ್ತಬೇಕು, ಮೊಳೆ ಬಿಡಿಸಿ ಖಾನೆಗೆ ಹಾಕಬೇಕು, ಆಮೇಲೆ ಮುಂದಿನ ನಾಲ್ಕು ಪುಟ. ಹಾಗಾಗಿ ಒತ್ತಿದ್ದು ಒತ್ತಿದ್ದೇ. ಐದನೇ ಅಧ್ಯಾಯದಲ್ಲಿ ಬುದ್ಧಿ ಬಂದರೂ ಒಂದನೇ ಅಧ್ಯಾಯ ತಿದ್ದುವ ಹಾಗಿಲ್ಲ.

ಕಥೆ ಹೊಳೆದದ್ದು ಎಪ್ಪತ್ತೊಂಬತ್ತರಲ್ಲಿ, ಎದುರುಮನೆ ನೋಡಿ. ಆ ಮನೆಯ ಚಿಕ್ಕಬೈರಪ್ಪ ಎದೆನೋವು ಬಂದು ತೀರಿಕೊಂಡಿದ್ದರು. ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಲೇಬೇಕು ಅಂತ ಹಿರಿಯರು ಹೇಳಿದರು. ಹೆಂಡತಿ ಗೌರಮ್ಮ ಬಿಳೇಕಹಳ್ಳಿಯ ಅಣ್ಣನ ಮನೆಗೆ ಹೋದರು. ಬಾಗಿಲಿಗೆ ಬೀಗ ಹಾಕಿ ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆ ಇಟ್ಟರು. ಆ ಕಡೆ ಇದೆಲ್ಲ ಮಾಮೂಲಿ, ಯಾರೂ ತಿರುಗಿ ನೋಡುವುದಿಲ್ಲ. ತಿಮ್ಮರಾಯಪ್ಪ ಮಾತ್ರ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಆ ಮುಳ್ಳನ್ನೇ ನೋಡುತ್ತಿದ್ದ. ಅಬ್ಬಾ, ಆರು ತಿಂಗಳು ನರಪಿಳ್ಳೆಯೂ ಕಾಲಿಡದ ಮನೆ! ಪೊಲೀಸಿನವನೂ ಹಿಂದೆಮುಂದೆ ನೋಡುತ್ತಾನೆ. ಅದರೊಳಗೆ ಒಂದು ಹೆಣ ಇದ್ದರೆ?

ಹಾಗೆ ಹುಟ್ಟಿದ್ದು ಅವನ ‘ಮುಳ್ಳಿಟ್ಟ ಬಾಗಿಲು’. ಎದುರುಮನೆಯಲ್ಲಿರುವ ‘ನಾನು’ ಎಂಬುವನು ಕಥೆ ಹೇಳುತ್ತಾ ಹೋಗುತ್ತಾನೆ. ಸತ್ತ ಗಂಡ, ಹಾಲಿಗೆ ಬೆರೆತ ವಿಷ, ಕತ್ತಲೆಯ ಅಡುಗೆಮನೆ, ಒರಳುಕಲ್ಲಿನ ಕೆಳಗೆ ಇನ್ನೊಬ್ಬನ ಹೆಣ. ಅನುಮಾನವೆಲ್ಲ ವಿಧವೆಯ ಮೇಲೆ. ಕೊನೆಗೆ ಅವಳೇ ಸಿಕ್ಕಿಬೀಳಬೇಕು ಅಂತ ಲೆಕ್ಕ.

ಅರ್ಧ ಪುಸ್ತಕ ಒತ್ತಿಯಾಗಿತ್ತು. ಒಂದು ಸಂಜೆ ಅವನು ಪಿಳ್ಳಣ್ಣನ ಅಂಗಡಿಗೆ ಬೆಲ್ಲಕ್ಕೆ ಹೋದಾಗ ಪಕ್ಕದ ಬೀದಿಯ ಅಂಕಮ್ಮ ಕಡಲೆಕಾಯಿ ಪೊಟ್ಟಣ ಬಿಡಿಸಿ ಹಿಡಿದು ಓದುತ್ತಿದ್ದಳು.

“ನಮ್ಮ ಸಾರಕ್ಕಿ ಕೆರೆ ಅಂತಾನೇ ಬರ್ದವ್ರೆ ಪಿಳ್ಳಣ್ಣ. ಮುಳ್ಳಿಟ್ಟ ಮನೆಯಂತೆ. ಹೆಂಡ್ತಿ ಹಾಲ್ಗೆ ಏನೋ ಬೆರ್ಸಿದ್ಲಂತೆ!”

“ನಂಗೂ ಮೊನ್ನೆ ಒಂದು ಸಿಕ್ತು ಕಣಕ್ಕ, ಕಲ್ಲಿನ ಕೆಳಗೆ ಹೆಣ ಅಂತ. ಅಚ್ಚಾಗೈತೆ ಅಂದ್ಮೇಲೆ ಸುಮ್ನೆ ಹಾಕ್ತಾರಾ?”

ತಿಮ್ಮರಾಯಪ್ಪನಿಗೆ ಮೊದಲು ಆದದ್ದು ಖುಷಿ. ಓದುಗರು! ಆಮೇಲೆ ಹಾಳೆ ಎಲ್ಲಿಂದ ಬಂತೆಂದು ಹೊಳೆಯಿತು. ಮಸಿ ಸರಿಯಾಗಿ ಹತ್ತದ ಹಾಳೆಗಳನ್ನು ಗುರುಬಸಪ್ಪನವರು ರದ್ದಿಗೆ ಹಾಕಿದ್ದರು. ಅವು ಪಿಳ್ಳಣ್ಣನ ಅಂಗಡಿಗೆ ಬಂದು, ಹಿಂದಿಲ್ಲದೆ ಮುಂದಿಲ್ಲದೆ, ಹೆಸರಿಲ್ಲದೆ, ಪೊಟ್ಟಣವಾಗಿ ಮನೆಮನೆ ಸೇರಿದ್ದವು. “ಅದು ನನ್ನ ಕತೆ ಅಕ್ಕ, ಸುಳ್ಳು” ಅಂದ. ಅಂಕಮ್ಮ ನಗಾಡಿದಳು. “ನೀನೆಲ್ಲೋ ಕತೆ ಬರೀತೀಯಾ, ಲಗ್ನಪತ್ರಿಕೆ ಹೊಡೆಯೋನು!”

ಆ ಭಾನುವಾರ ಗೌರಮ್ಮನೇ ಬಂದರು. ಆರು ತಿಂಗಳು ಮುಗಿದಿತ್ತು, ಬರುವ ಶುಕ್ರವಾರ ಮನೆ ತೆರೆಯಬೇಕು. ಬೀದಿಯ ಮುತ್ತೈದೆಯರು ಮೊದಲು ಒಳಗೆ ಹೋಗಿ ಹಾಲುಕ್ಕಿಸಬೇಕು, ಆಮೇಲೇ ಗೌರಮ್ಮ ಹೊಸ್ತಿಲು ದಾಟುವುದು. ಕರೆಯಲು ಹೋದರೆ ಒಬ್ಬಳಿಗೆ ಮೈ ಸರಿಯಿಲ್ಲ, ಇನ್ನೊಬ್ಬಳಿಗೆ ವಸಂತಪುರದಲ್ಲಿ ನೆಂಟರ ಮನೆ ನಾಮಕರಣ. ಯಾರೂ ಬರದಿದ್ದರೆ ಅವರಿಗೆ ಸ್ವಂತ ಮನೆಯೇ ಇಲ್ಲ.

ಗೌರಮ್ಮ ಎಣ್ಣೆ ಹತ್ತಿದ ಒಂದು ಹಾಳೆಯನ್ನು ಜಗಲಿಯ ಮೇಲೆ ಇಟ್ಟರು. “ಇದು ನಿನ್ ಕೆಲ್ಸವಂತೆ. ಕೆಂಪಕ್ಕ ಹೇಳಿದ್ಲು.”

ಕೆಂಪಕ್ಕ ತಿಮ್ಮರಾಯಪ್ಪನ ಹೆಂಡತಿ. ಬಾಗಿಲ ಮರೆಯಲ್ಲಿ ನಿಂತಿದ್ದಳು.

“ನಿಮ್ಮ ಬಗ್ಗೆ ಅಲ್ಲ ಗೌರಕ್ಕ. ಸುಟ್ಟಾಕ್ತೀನಿ ಎಲ್ಲಾನೂ.”

“ಸುಟ್ರೆ ಅವ್ರು ಓದಿರೋದು ಹೋಗ್ತದಾ? ಅಲ್ಲ ಕಣೋ ತಿಮ್ಮರಾಯಿ, ನಮ್ಮನೆ ಪಡಸಾಲೆ ದಾಟಿ ನೀನು ಒಂದು ದಿನ ಬಂದೋನಲ್ಲ. ಬೀಗ ಹಾಕಿರೋ ಮನೆಯೊಳಗೆ ಒರಳುಕಲ್ಲಿನ ಕೆಳಗೆ ಏನೈತೆ ಅಂತ ಈ ಎದುರುಮನೆಯೋನಿಗೆ ಹೆಂಗಪ್ಪಾ ಗೊತ್ತಾಯ್ತು?”

ತಿಮ್ಮರಾಯಪ್ಪ ಜಗಲಿಯ ಮೇಲಿನ ಹಾಳೆಯನ್ನು ಕೈಗೆತ್ತಿಕೊಂಡ. ಹೌದಲ್ಲ! ಕಥೆ ಹೇಳುವ ‘ನಾನು’ ಎಂಬುವನಿಗೆ ಹೇಗೆ ಗೊತ್ತಾಯಿತು? ಹೆಣ ಇಟ್ಟವನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲ. ಒತ್ತಿದ ಒಂದು ಪುಟವನ್ನೂ ಮುಟ್ಟಬೇಕಾಗಿಲ್ಲ!

ಮರುದಿನ ಅವನು ಮಧ್ಯದ ಅಧ್ಯಾಯಗಳನ್ನೆಲ್ಲ ಹಾರಿಸಿ ಕೊನೆಯ ನಾಲ್ಕು ಪುಟ ಜೋಡಿಸಿದ. ಅದರಲ್ಲಿ ‘ನಾನು’ ತಪ್ಪೊಪ್ಪಿಕೊಳ್ಳುತ್ತಾನೆ. ಎರಡು ಕೊಲೆಯೂ ನನ್ನದೇ, ಆ ತಾಯಿ ಏನೂ ಅರಿಯಳು, ನಾನು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವನು. ಯಾರಿಗೂ ಅನುಮಾನ ಉಳಿಯಬಾರದೆಂದು ಕಂಪೋಸಿಟರ್ ಎಂಬ ಮಾತನ್ನು ದಪ್ಪ ಮೊಳೆಯಲ್ಲಿ ಹಾಕಿದ. ಕೆಳಗೆ ಕಾದಂಬರಿಯ ಹೆಸರು, ತನ್ನ ಹೆಸರು. ಪಿಳ್ಳಣ್ಣನ ಅಂಗಡಿಗೆಂದು ಎರಡು ರೀಮು ಒತ್ತಿದ.

ಗುರುಬಸಪ್ಪನವರು ಕನ್ನಡಕ ಹಣೆಗೇರಿಸಿದರು. “ಪತ್ತೇದಾರಿ ಕತೆ ಕೊನೇ ಪುಟಾನ ಮೊದಲೇ ಹಂಚ್ತೀಯಾ? ಆಮೇಲೆ ನಿನ್ನ ಬುಕ್ಕು ಯಾರಯ್ಯಾ ತಗೋತಾರೆ?”

“ಸಾರಕ್ಕಿಯಲ್ಲಿ ಯಾರೂ ತಗೊಳಲ್ಲ ಸಾರ್,” ಅಂದ ತಿಮ್ಮರಾಯಪ್ಪ. ಕೊನೆಯವರೆಗೆ ಹಿಡಿದಿಡಬೇಕಾದ ಗುಟ್ಟನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗಿ ಪಿಳ್ಳಣ್ಣನಿಗೆ ಪುಕ್ಕಟೆ ಕೊಟ್ಟುಬಂದ.

ಬುಧವಾರದ ಹೊತ್ತಿಗೆ ಬೇಳೆ, ಮೆಣಸಿನಕಾಯಿ, ಅವಲಕ್ಕಿ ಎಲ್ಲದರ ಮೇಲೂ ತಪ್ಪೊಪ್ಪಿಗೆ. ನಲ್ಲಿಯ ಹತ್ತಿರ ಕೆಂಪಕ್ಕನಿಗೆ ದಾರಿ ಬಿಟ್ಟರು. “ಬನ್ನಿ ಬನ್ನಿ, ಕೊಲೆಗಾರರ ಮನೆಯೋರು ಮೊದ್ಲು ಹಿಡ್ಕೊಳ್ಳಿ.” ಅವಳು ಕೊಡ ಕುಕ್ಕಿದಳು. “ಹೂಂ ಕಣ್ರೇ, ಇವತ್ತು ಯಾರನ್ನ ಮುಗ್ಸ್ಬೇಕು ಅಂತ ಕೇಳ್ತಿದ್ರು, ನಿಮ್ ಹೆಸರೇ ಹೇಳ್ಬಿಡ್ಲಾ?” ನಲ್ಲಿಯ ಸುತ್ತ ನಗು ಹತ್ತಿಕೊಂಡಿತು. ಅಂಕಮ್ಮ ಮಾತ್ರ ನಗಲಿಲ್ಲ. “ನಾವು ಗೌರಕ್ಕನ್ನ ಏನೇನೋ ಅಂದ್ಬಿಟ್ವಲ್ಲೇ,” ಅಂದಳು.

ಶುಕ್ರವಾರ ಬೆಳಿಗ್ಗೆ ಮುಳ್ಳು ತೆಗೆದರು. ಗೌರಮ್ಮ ಬೀದಿಯಲ್ಲೇ ನಿಂತು ತಲೆ ತಗ್ಗಿಸಿ ಕಾದರು. ತಿಮ್ಮರಾಯಪ್ಪ ತನ್ನ ಜಗಲಿಯ ಮೇಲೆ ಕೂತು ಬೀದಿಯ ತಿರುವನ್ನೇ ನೋಡುತ್ತಿದ್ದ. ಕೊನೆಗೆ ತಿರುವಿನಲ್ಲಿ ಅಂಕಮ್ಮ ಹಿತ್ತಾಳೆ ಪಾತ್ರೆ ಹಿಡಿದು ಕಾಣಿಸಿದಳು. ಅವಳ ಹಿಂದೆ ಮೈ ಸರಿಯಿಲ್ಲದವಳು, ನಾಮಕರಣದವಳು, ಇನ್ನೂ ನಾಲ್ಕಾರು ಜನ.

“ಏನೋ ತಿಮ್ಮರಾಯಿ, ಹಾಲ್ಗೆ ಏನೂ ಬೆರ್ಸಿಲ್ಲ ತಾನೆ?” ಅಂತ ಅಂಕಮ್ಮ ಹೋಗುತ್ತಲೇ ಕೂಗಿದಳು.

ಹಾಲು ಉಕ್ಕಿತು. ಗೌರಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಲೋಟದಲ್ಲಿ ಬಿಸಿಹಾಲು ಹಿಡಿದು ಬೀದಿ ದಾಟಿ ಬಂದು ಅವನ ಕೈಗೆ ಕೊಟ್ಟರು. “ಬಾರೋ, ಒಳಗೆ ಬಾ. ಅಡುಗೆಮನೆ ಹೆಂಗಿದೆ ಅಂತ ಸರ್ಯಾಗಿ ನೋಡ್ಕೊಂಡು ಹೋಗು. ಒರಳುಕಲ್ಲೇ ಇಲ್ಲ ನಮ್ಮನೇಲಿ.”

ತಿಮ್ಮರಾಯಪ್ಪ ಹಾಲು ಊದಿ ಕುಡಿದ. “ಈಗ ಬೇಡ ಗೌರಕ್ಕ. ಮಧ್ಯದ ಅಧ್ಯಾಯ ಇನ್ನೂ ಬಾಕಿ ಐತೆ. ನೋಡ್ಬಿಟ್ರೆ ಬರೆಯೋಕಾಗಲ್ಲ.”

ಲೋಟ ವಾಪಸು ಕೊಟ್ಟು, ಸೈಕಲ್ ಹತ್ತಿ ಪ್ರೆಸ್ಸಿಗೆ ಹೊರಟ.