ರವಿಕೆ ಕಣದ ಅಂಗಿ

ಶಿಕಾರಿಪುರದ ನಮ್ಮ ಬೀದಿಯಲ್ಲಿ ಒಬ್ಬ ಟೈಲರಮ್ಮ ಇದ್ದರು. ದಾರ ಪೋಣಿಸಿದ ಸೂಜಿ ಸದಾ ಅವರ ಸೆರಗಿನಲ್ಲೇ. ಯಾರ ಮನೆಯ ಅರಿಶಿನ ಕುಂಕುಮವಿರಲಿ, ಹೊರಟವರನ್ನು ತಡೆದು ಕೇಳುತ್ತಿದ್ದರು: "ಆ ಕಣ ಹೊಲಿಸ್ತೀರೋ, ದಾಟಿಸ್ತೀರೋ?"

ತಾಂಬೂಲದಲ್ಲಿ ಬಂದ ರವಿಕೆ ಕಣವನ್ನು ಹೊಲಿಸದೆ ಇನ್ನೊಬ್ಬರಿಗೆ ದಾಟಿಸುವುದು ನಮ್ಮೆಲ್ಲರ ಅಭ್ಯಾಸ. ಟೈಲರಮ್ಮ ಅಂಥದ್ದನ್ನೆಲ್ಲ ಕೇಳಿ ಪಡೆದು, ಸೊರಬ ರಸ್ತೆಯಲ್ಲಿ ಜನ ಕೊಟ್ಟದ್ದರಲ್ಲೇ ನಡೆಯುವ ಪ್ರಾಣಿ ಆಶ್ರಯದ ನಾಯಿಮರಿಗಳಿಗೆ ಅಂಗಿ ಹೊಲಿಯುತ್ತಿದ್ದರು.

ಒಂದು ಚಳಿಗಾಲ ಮರಿಗಳು ಹೆಚ್ಚಾದವು, ಬಟ್ಟೆ ಸಾಲದೆ ನಡುಗುತ್ತಿದ್ದವು. ಎದುರುಮನೆಯವರ ಹತ್ತಿರ ಟ್ರಂಕು ತುಂಬ ಕಣಗಳಿದ್ದವು. ಟೈಲರಮ್ಮ ಉಪಾಯವಾಗಿ ಅವರನ್ನೂ ನನ್ನನ್ನೂ ಆಶ್ರಯಕ್ಕೆ ಕರೆದೊಯ್ದರು. ಜರಿಯಂಚಿನ ನೇರಳೆ ಅಂಗಿ ತೊಟ್ಟ ಮರಿಯೊಂದು ಕುಣಿಯುತ್ತ ಬಂತು.

"ಇದು ನಾನು ನಿಮಗೆ ಕೊಟ್ಟ ಕಣ ಅಲ್ಲೇನ್ರೀ?" ಎದುರುಮನೆಯವರು ನನ್ನತ್ತ ತಿರುಗಿದರು. ಅದನ್ನು ನಾನು ಹೊಲಿಸದೆ ಟೈಲರಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಆ ಟ್ರಂಕು ಇನ್ನು ತೆರೆಯುವುದಿಲ್ಲ ಎಂದುಕೊಂಡೆ.

ಟೈಲರಮ್ಮ ಮರಿಯನ್ನೆತ್ತಿ ಅವರ ಕೈಗಿಟ್ಟರು. "ನಿಮಗದನ್ನ ಕೊಟ್ಟವಳು ನಾನೇ ರೀ, ಗೌರಿಹಬ್ಬಕ್ಕೆ. ಇಷ್ಟು ಮನೆ ಸುತ್ತಿದ್ರೂ, ಹೊಲಿಸಿ ಹಾಕ್ಕೊಂಡವನು ಇವನೊಬ್ಬನೇ!"

ಎದುರುಮನೆಯವರು ನಗು ತಡೆಯಲಾರದೆ ಮರಿಯ ಕೊರಳ ಗುಂಡಿ ಸರಿಮಾಡಿದರು.

"ಟ್ರಂಕಲ್ಲಿ ಹಸಿರು ಕಣ ಒಂದಿದೆ," ಎಂದರು. "ಇವನ ಬಣ್ಣಕ್ಕೆ ಅದೇ ಒಪ್ಪತ್ತೆ."